ಅಜ್ಜಿಯ ಕಳಶದ ರೂಪಾಯಿ

ನಮ್ಮ ದೊಡ್ಡಪ್ಪ ಜಯರಾಮಪ್ಪನವರು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಬೆಳಗಿನ ರೈಲಿನಲ್ಲಿ ಎರಡು ಕ್ಯಾನು ಹಾಲು ಒಯ್ದು, ಚಿನ್ನದ ಗಣಿಯ ನಂದಿದುರ್ಗದಲ್ಲಿ ಕೂಲಿಗಳ ಲೈನ್ ಮನೆಗಳಿಗೆ ಹಾಕಿ ಬರುತ್ತಿದ್ದರು. ಆದರೆ ಊರಿನಲ್ಲಿ ಅವರಿಗೆ ಹೆಸರಿದ್ದದ್ದು ಬೇರೆ ಕೆಲಸಕ್ಕೆ. ಹಳೇ ನಾಣ್ಯ ಅಸಲಿಯೋ ನಕಲಿಯೋ ಎಂದು ಅವರು ನೋಡಿ ಹೇಳುತ್ತಿದ್ದರು. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ, ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ, ಕಿವಿಗೆ ಹಿಡಿಯುವರು. ತೂಕ ನೋಡುವರು. ಅಂಚನ್ನು ಬಿಸಿಲಿಗೆ ತಿರುಗಿಸುವರು. ಎರಕ ಹೊಯ್ದ ನಕಲಿಯಾದರೆ ಅಲ್ಲಿ ಕೂದಲೆಳೆಯಂಥ ಗೆರೆ ಸಿಗುತ್ತದೆ. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಅವರ ಕೈಗೆ ಬಾರದ ನಾಣ್ಯ ಒಂದೇ. ಅಜ್ಜಿ ಅಕ್ಕಯ್ಯಮ್ಮ ಲಕ್ಷ್ಮಿ ಕಳಶದಲ್ಲಿ ಇಡುತ್ತಿದ್ದ, ಮೈಸೂರು ಅರಸರ ಕಾಲದ ಬೆಳ್ಳಿ ರೂಪಾಯಿ. ಪ್ರತಿ ಶುಕ್ರವಾರ ಹುಣಸೆಹಣ್ಣು, ಬೂದಿ ಹಾಕಿ ಅಜ್ಜಿಯೇ ತಿಕ್ಕುವಳು. ಗಂಡಸರು ಮುಟ್ಟುವಂತಿರಲಿಲ್ಲ. ೧೯೮೧ರಲ್ಲಿ ತೀರಿಕೊಳ್ಳುವ ಮುಂಚೆ ಅಜ್ಜಿ ಅದನ್ನು ಹಿರಿಮಗನ ಮನೆಗೆ ಕೊಡದೆ, ಕಿರಿಯ ಸೊಸೆಯಾದ ನಮ್ಮಮ್ಮ ಅಶ್ವತ್ಥಮ್ಮನ ಕೈಗೆ ಹಾಕಿದಳು. ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ನಮ್ಮ ಮನೆಯಲ್ಲಿ ನೀರನ್ನೂ ಕುಡಿಯಲಿಲ್ಲ. ನಮ್ಮ ಎಮ್ಮೆ ಈದರೆ, "ಕಿರಿಮಗನ ಮನೇಲಿ ಎಲ್ಲಾ ಆಯ್ತದೆ ಬಿಡು" ಎಂದು ಬೀದಿಯಲ್ಲೇ ಹೇಳಿ ಹೋಗುವರು.

ಒಂದು ದಿನ ಅಪ್ಪನೇ ಸೋತು, ಅಮ್ಮನನ್ನು ಒಪ್ಪಿಸಿ, ಆ ರೂಪಾಯಿಯನ್ನು ಅವರ ಜಗಲಿಗೆ ಒಯ್ದರು. "ಅಣ್ಣಾ, ನೀನೂ ಒಂದ್ ಕಿತ ನೋಡು."

ದೊಡ್ಡಪ್ಪ ಬಹಳ ಹೊತ್ತು ನೋಡಿದರು. ನಾದ ಸರಿ, ತೂಕ ಸರಿ, ಅಂಚಿನಲ್ಲಿ ಗೆರೆಯಿಲ್ಲ. ಇದನ್ನು ಅವರೇ ಎಷ್ಟೋ ದಿನದ ಮೇಲೆ ನನಗೆ ಹೇಳಿದರು. ಅವತ್ತು ಹೇಳಿದ್ದೇ ಬೇರೆ.

"ಎರಕ ಕಣ್ಲಾ ಇದು. ಟಂಕಸಾಲೆ ಅಚ್ಚಾಗಿದ್ರೆ ಅಕ್ಸರ ಇಂಗೆ ಮೊಂಡಾಗಿರ್ತಿತ್ತಾ?"

ನಲವತ್ತು ವರ್ಷ ಹುಣಸೆಹಣ್ಣು, ಬೂದಿಯಲ್ಲಿ ತಿಕ್ಕಿದರೆ ಯಾವ ಅಕ್ಷರವಾದರೂ ಮೊಂಡಾಗುತ್ತದೆ. ಅದು ಅವರಿಗೆ ಗೊತ್ತಿತ್ತು. ಪಕ್ಕದಲ್ಲಿ ಕೂತಿದ್ದ, ದೊಡ್ಡಪ್ಪನ ಜೊತೆ ಹಾಲು ಒಯ್ಯುತ್ತಿದ್ದ ಕದಿರಪ್ಪ, "ಅಕ್ಕಯ್ಯಮ್ಮ ನಲವತ್ ವರ್ಸ ಸುಳ್ ಲಕ್ಸ್ಮಿಗೆ ಕೈ ಮುಗುದ್ಲಾ! ಅದಕ್ಕೇ ನಿಮ್ಮನೇಲಿ ದುಡ್ಡು ನಿಲ್ಲಾಕಿಲ್ಲ" ಎಂದು ನಕ್ಕ. ದೊಡ್ಡಪ್ಪ ನಗಲಿಲ್ಲ.

ಸುಳ್ಳು ನಾಣ್ಯ ಕಳಶದಲ್ಲಿ ಇರಬಾರದು ಎಂದು ಅಮ್ಮ ಅದನ್ನು ತೆಗೆದಿಟ್ಟಳು. ತೂತು ಹಾಕಿಸಿ ನನ್ನ ತಮ್ಮನ ಉಡಿದಾರಕ್ಕೆ ಕಟ್ಟೋಣವೆಂದು ಅಪ್ಪ ಬಂಗಾರಪೇಟೆಯ ಆಚಾರಿಯ ಹತ್ತಿರ ಹೊರಟರು. ಅಲ್ಲಿನ ಸ್ಟೇಷನ್ನಿನಲ್ಲಿ ಕದಿರಪ್ಪನಿಂದ ಈ ಸುದ್ದಿ ಕೇಳಿದ ದೊಡ್ಡಪ್ಪ, ಹಾಲಿನ ಕ್ಯಾನುಗಳನ್ನು ಅವನಿಗೇ ಒಪ್ಪಿಸಿ ಓಡಿದರು. ಆಚಾರಿ ಆಗಲೇ ಉಳಿ ಇಟ್ಟು ಸುತ್ತಿಗೆ ಎತ್ತಿದ್ದನಂತೆ.

"ನಿಲ್ಸಯ್ಯಾ! ಅದು ಸಾಚಾ!"

ಅಪ್ಪ ಬೆರಗಾದರು. "ಅವತ್ತು ಎರಕ ಅಂದ್ಯಲ್ಲಣ್ಣ?"

"ಒಟ್ಟೆಉರಿಗೆ ಅಂದೆ ಕಣ್ಲಾ. ಊರೋರೆಲ್ಲಾ ನನ್ ಕೈಗೆ ಕಾಸು ಕೊಡೋರು. ನನ್ನ ಎತ್ತ ತಾಯಿ ಒಂದ್ ಕಿತಾನೂ ಕೊಡ್ಲಿಲ್ಲ."

ಅಪ್ಪ ರೂಪಾಯಿಯನ್ನು ಜೇಬಿಗೆ ಹಾಕಿಕೊಂಡು ಹೊರಟರು. ಮನೆಯಲ್ಲಿ ಅಮ್ಮ ಮಾತ್ರ ಬಿಡಲಿಲ್ಲ. "ಬಾವ ಅವತ್ತು ಸುಳ್ಳು ಅಂದ್ರು, ಇವತ್ತು ಸಾಚಾ ಅಂತಾರೆ. ಯಾವ ಮಾತು ನಂಬಿ ಕಳಶದಾಗೆ ಮಡಗ್ಲಿ? ರಾಬರ್ಟ್‌ಸನ್‌ಪೇಟೆಯಾಗೆ ತೋರ್ಸ್ಕೊಂಡ್ ಬನ್ನಿ."

ಅಲ್ಲಿನ ಬೆಳ್ಳಿ ಅಂಗಡಿಯವನು ಅಸಲಿ ಎಂದ. ರೂಪಾಯಿ ಕಳಶಕ್ಕೆ ಮರಳಿತು. ಆದರೆ ಊರಿನವರು ಈಗ ಹಳೇ ನಾಣ್ಯ ಸಿಕ್ಕರೆ ಆ ಅಂಗಡಿಗೇ ಒಯ್ಯುತ್ತಾರೆ. ದೊಡ್ಡಪ್ಪನ ಜಗಲಿಗೆ ಯಾರೂ ಬರುವುದಿಲ್ಲ. ನಾನು ಹೋದಾಗೆಲ್ಲ ಅವರು ಒಂದೇ ಮಾತು ಕೇಳುತ್ತಾರೆ.

"ಆ ಅಂಗಡಿಯೋನು ಎಷ್ಟೊತ್ತು ನೋಡಿದ್ನಂತೆ?"

"ಒಂದು ಗಳಿಗೆ ಅಷ್ಟೇ, ದೊಡ್ಡಪ್ಪ."

"ಒಂದೇ ಗಳಿಗೇಗೆ ನಿಮ್ಮಪ್ಪ ನಂಬಿಬಿಟ್ನಾ?"

ನಂಬಿದರು ಎನ್ನುತ್ತೇನೆ.