ಸೈಕಲ್ಲಿಗೆ ಬಿಗಿದ ಕರುವಿನ ಸರಪಳಿ

ಮೊಮ್ಮಗಳು ದೊಡ್ಡವಳಾದಳು ಎಂದು ಮಗಳು ಓಡಿಬಂದು ಹೇಳಿದಾಗ ನಾನು ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದೆ. ಹಿಗ್ಗಿನಲ್ಲಿ ಹಾಗೇ ಎದ್ದುಹೋದೆ. ಅರ್ಧ ಹುಳುವಿಗೆ ಸೊಪ್ಪು ಬಿದ್ದಿತ್ತು, ಇನ್ನರ್ಧ ಉಪವಾಸ. ಮಗಳನ್ನು ಕೊಟ್ಟಿರುವುದು ನಮ್ಮೂರಿನಲ್ಲೇ, ಹಿಂದಿನ ಬೀದಿಗೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದೆ. ಅಷ್ಟು ಸಂತೋಷ ನನಗೆ.

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ತೆಂಗಿನ ಗರಿ ಕಡಿದು ತಂದು ಗುಡ್ಲು ಕಟ್ಟುತ್ತಾನೆ. ಈಗ ಎಲ್ಲರದೂ ಕಾಂಕ್ರೀಟು ಮನೆ. ಜಗಲಿಯ ಮೂಲೆಯಲ್ಲಿ ನಾಲ್ಕು ಗರಿ ನಿಲ್ಲಿಸಿದರೆ ಅದೇ ಗುಡ್ಲು. ಅದನ್ನು ಕಟ್ಟಿದವನೇ ಕೀಳಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅಲ್ಲಿಯವರೆಗೆ ಹುಡುಗಿ ಒಳಗೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನುತ್ತಾ ಕೂತಿರಬೇಕು. ಅವಳ ಸೋದರಮಾವ ಎಂದರೆ ನನ್ನ ಮಗ. ಗುಡ್ಲನ್ನೇನೋ ಚೆನ್ನಾಗೇ ಕಟ್ಟಿದ. ಕಟ್ಟಿದವನು ಸೀದಾ ಕೊಟ್ಟಿಗೆಗೆ ಹೋಗಿ, ಕರುವಿನ ಸರಪಳಿ ತಂದು ಅವಳ ಸೈಕಲ್ಲನ್ನು ಕಂಬಕ್ಕೆ ಬಿಗಿದು ಬೀಗ ಜಡಿದ. ಕಳ್ಳರ ಭಯಕ್ಕಿರಬೇಕು ಎಂದುಕೊಂಡೆ.

ಆ ಸೈಕಲ್ಲು ಬಂದದ್ದು ನನ್ನ ಅಳಿಯನಿಂದ. ಅವನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಯಾರೋ ಹೊಸದು ಕೊಂಡು ಹಳೆಯದನ್ನು ಇವನಿಗೆ ಕೊಟ್ಟರು. ಅದರ ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದೆ, ಟೈರು ದಪ್ಪ, ಜಲ್ಲಿಯ ಮೇಲೂ ಓಡುತ್ತದೆ. ಭಾನುವಾರ ಅಪ್ಪ ಮಗಳು ಇಬ್ಬರೂ ಒಂದೊಂದು ಸೈಕಲ್ಲಿನಲ್ಲಿ ಕೆರೆ ಸುತ್ತಿ ಬರುತ್ತಿದ್ದರು. ಏರಿಯ ಮೇಲೆ ಟಾರು, ಕೋಡಿ ದಾಟಿದರೆ ಜಲ್ಲಿ, ಆಮೇಲೆ ಮಾವಿನ ತೋಪಿನ ಪಕ್ಕ ಕೆಮ್ಮಣ್ಣು. ಅವಳು ಧೂಳುಗಾಲಲ್ಲೇ ನನ್ನ ಹತ್ತಿರ ಬಂದು, ನೀರುಕೋಳಿ ಮರಿ ಮಾಡಿದ್ದು, ತೋಪಿನ ನಾಯಿ ಅಟ್ಟಿಸಿಕೊಂಡು ಬಂದದ್ದು ಎಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಈ ಊರಿಗೆ ಮದುವೆಯಾಗಿ ಬಂದಾಗಿನಿಂದ ಆ ಕೆರೆಯಲ್ಲಿ ಬಟ್ಟೆ ಒಗೆದಿದ್ದೇನೆ. ಅದರ ಆಚೆ ದಡ ಹೇಗಿದೆ ಎಂದು ತಿಳಿದದ್ದು ಅವಳ ಬಾಯಿಂದ.

ಗುಡ್ಲು ಕೀಳುವ ದಿನ ಮನೆ ತುಂಬ ನೆಂಟರು. ಒಳಗಿಂದ ಬಿಕ್ಕುವ ಸದ್ದು ಬಂತು. ಗರಿಯ ಸಂದಿಯಲ್ಲಿ ಇಣುಕಿದರೆ ಹೊಸ ಸೀರೆ, ತಲೆ ತುಂಬ ಮಲ್ಲಿಗೆ, ಮೂಗೆಲ್ಲ ಕೆಂಪು.

"ಅಜ್ಜಿ, ಮಾವ ಇನ್ಮೇಲೆ ಸೈಕಲ್ ಮುಟ್ಬ್ಯಾಡ ಅಂದ್ರು. ಅಪ್ಪನೂ ಸುಮ್ನೆ ನಿಂತವ್ರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದು ಮಗನನ್ನು ಹಿಡಿದುಕೊಂಡೆ.

"ಯಾಕ್ಲಾ ಬೀಗ ಹಾಕಿದ್ದೀಯೆ?"

"ದೊಡ್ಡೋಳಾದ್ಲು ಕಣವ್ವ. ಇನ್ನೂ ಏರಿ ಮ್ಯಾಲೆ ಕಾಲಾಡಿಸ್ಕಂಡು ತಿರುಗಿದ್ರೆ ನೋಡ್ದೋರು ಏನಂದಾರು?"

"ನೋಡೋರು ಕಣ್ಣಿಗೆ ಬಟ್ಟೆ ಕಟ್ಕಳ್ಲಿ. ಹೋದ ತಿಂಗಳು ತುಳಿದಿದ್ದೂ ಇವೇ ಕಾಲು ಕಣ್ಲಾ."

ಪಕ್ಕದ ಮನೆಯವಳು, ನನ್ನ ವಾರಗೆಯ ಮುದುಕಿ, ಎಲೆಅಡಿಕೆ ಮೆಲ್ಲುತ್ತಾ ಬಾಯಿ ಹಾಕಿದಳು. "ಹಂಗಲ್ಲ ಕಣಕ್ಕ. ಆ ಸೀಟ್ ಮ್ಯಾಲೆ ಕುಂತ್ರೆ ಗರ್ಭಕೋಸ ಜಾರ್ತದಂತೆ."

"ನೀನು ತುಂಬಿದ ಬಸ್ರೀಲಿ ಹುಲ್ಲೊರೆ ಹೊತ್ಕಂಡು ಅದೇ ಏರಿ ಮ್ಯಾಲೆ ಬತ್ತಿದ್ಯಲ್ಲ, ಆಗ ಎಲ್ಗೂ ಜಾರ್ನಿಲ್ವಾ?"

ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಅಳಿಯನ ಕಡೆ ನೋಡಿದೆ. ಮಗಳಿಗೆ ಸೈಕಲ್ಲು ಕಲಿಸಿ, ಪಂಕ್ಚರ್ ಹಾಕುವುದನ್ನೂ ಕಲಿಸಿದ ಮನುಷ್ಯ, ಭಾವನ ಎದುರು ನೀರಿನ ಡ್ರಮ್ಮಿಗೆ ಮುಚ್ಚಳ ಹುಡುಕುತ್ತಿದ್ದ.

ಅಷ್ಟರಲ್ಲಿ ಹೊತ್ತು ಮೀರುತ್ತಿದೆ, ಮಾವ ಬಂದು ಗುಡ್ಲು ಕಿತ್ತು ಹುಡುಗಿಯನ್ನು ಆರತಿಗೆ ಕೂರಿಸಲಿ ಎಂದು ಹೆಂಗಸರು ಕೂಗಿದರು. ಮಗ ಎದ್ದ. ನಾನು ಹೋಗಿ ಗುಡ್ಲಿಗೆ ಅಡ್ಡಲಾಗಿ ಕುಳಿತೆ.

"ಮೊದ್ಲು ಸೈಕಲ್ ಬೀಗ ತೆಗಿ."

"ಅವ್ವ, ಜನ ಅವ್ರೆ. ಮರ್ವಾದೆ ಕಳೀಬ್ಯಾಡ."

"ಅದನ್ನ ಬಿಗಿದೋನೂ ನೀನೆ, ಇದನ್ನ ಕಟ್ದೋನೂ ನೀನೆ. ಅದನ್ನ ಬಿಚ್ಚೋಗಂಟ ಈ ಗರಿ ಮುಟ್ಟಕ್ಕೆ ಬುಡಾಕಿಲ್ಲ. ಪಾಯಸ ಆರೋದಾದ್ರೆ ಆರ್ಲಿ."

ಗುಡ್ಲು ಕೀಳದೆ ಆರತಿ ಇಲ್ಲ, ಆರತಿ ಆಗದೆ ಎಲೆ ಹಾಕುವಂತಿಲ್ಲ. ಹಸಿದ ನೆಂಟರು ಚಪ್ಪರದಿಂದ ಬಗ್ಗಿ ಬಗ್ಗಿ ನೋಡಿದರು. ಈ ಮುದುಕಿಗೆ ಏನು ಬಂದಿದೆ ಎಂದು ಯಾರೋ ಅಂದದ್ದೂ ಕೇಳಿಸಿತು. ನಾನು ಅಲ್ಲಾಡಲಿಲ್ಲ. ಕಡೆಗೆ ನನ್ನ ಸೊಸೆ ಬಂದು, ಗಂಡನ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಹೋಗಿ ಬೀಗ ತೆಗೆದ. ಬಂದು ಗರಿ ಕಿತ್ತ. ನನ್ನ ಮುಖ ನೋಡಲಿಲ್ಲ. ಸರಪಳಿಯನ್ನು ನಾನೇ ತೆಗೆದುಕೊಂಡು ಹೋಗಿ ಕರುವಿಗೆ ಕಟ್ಟಿ ಬಂದೆ.

ಮಾರನೇ ದಿನ ಬೆಳಗ್ಗೆ ಮೊಮ್ಮಗಳು ಸೈಕಲ್ಲು ಹೊರಗೆ ತಂದಳು. ಒಬ್ಬಳೇ ಬೇಡ, ಹಿಂದೆ ನಾನೂ ಬರುತ್ತೇನೆ ಎಂದು ಮಗ ಮೊಪೆಡ್ ತೆಗೆದ. ನಾನು ಹಿಂದೆ ಹತ್ತಿ ಕುಳಿತೆ.

"ನೀನ್ಯಾಕವ್ವ?"

"ದಾರೀಲಿ ಇನ್ನೊಂದು ಬೀಗ ಜಡಿದ್ಬುಟ್ಟೀಯ ಅಂತ."

ಕೋಡಿಯ ಹತ್ತಿರ ಜಲ್ಲಿ ಶುರುವಾದದ್ದೇ ಮೊಪೆಡ್ ಓಲಾಡಿತು. ಇಳಿದು ತಳ್ಳಬೇಕಾಯಿತು. ಅವಳು ಕಟಕಟ ಎಂದು ಗೇರು ಬದಲಾಯಿಸಿ, ಬೆನ್ನು ಬಗ್ಗಿಸಿ, ನಮ್ಮನ್ನು ಅಲ್ಲೇ ಬಿಟ್ಟು ಹೋದಳು. ನಾನು ಕೋಡಿಯ ಕಲ್ಲಿನ ಮೇಲೆ ಕುಳಿತೆ. ತೋಪಿನ ಪಕ್ಕ ಕೆಂಪು ಧೂಳು ಎದ್ದಿತು. ಆಚೆ ದಡದಲ್ಲಿ ಅವಳ ಹಳದಿ ಅಂಗಿ ನೀರಿನ ಅಂಚಿನಲ್ಲೇ ಹೋಗುತ್ತಿತ್ತು. ನನಗೆ ಕುಣಿಯಬೇಕು ಅನಿಸಿತು. ಮಂಡಿ ನೋವಿಗೆ ಕೈ ಮಾತ್ರ ತಟ್ಟಿದೆ.

"ಚೆನ್ನಾಗೇ ತುಳೀತಾಳೆ, ಅಲ್ವವ್ವ?" ಅಂದ ಮಗ.

"ಇವತ್ತು ಕಂಡ್ತಾ ನಿಂಗೆ?" ಅಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಸುತ್ತು ಮುಗಿಸಿ ಏರಿಯ ಮೇಲಿಂದ ನಮ್ಮ ಹತ್ತಿರ ಬಂದು ನಿಂತಳು. ಬೆವರು ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು, "ಮಾವ, ಇನ್ನೊಂದು ಸುತ್ತು ಹೋಗ್ಲಾ?"

ಆ ಮಾತು ಕೇಳಿ ಹಿಂದಿನ ದಿನಕ್ಕಿಂತ ಹೆಚ್ಚು ಸಿಟ್ಟು ಬಂತು ನನಗೆ. ಹೋದ ತಿಂಗಳು ಯಾರನ್ನೂ ಕೇಳದೆ ಹೋಗುತ್ತಿದ್ದ ಕೂಸು ಅದು.

"ಅವನ್ನೇನು ಕೇಳೀಯೆ? ಹೋಗವ್ವ ನೀನು."

ಅವಳು ನನ್ನನ್ನು ನೋಡಿದಳು, ಮಾವನನ್ನು ನೋಡಿದಳು, ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಟುಹೋದಳು.