ಒಂಬತ್ತು ಕಿಲೋಮೀಟರಿನ ಕಾರು

ಮೊನ್ನೆ ಕೊಚ್ಚಿಯ ಕಲೂರಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ಹೊಸ ಸೋಫಾ, ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. ಮಳೆಯಲ್ಲಿ ನೆನೆದು ಬಂದ ಯಾರೋ ಪಕ್ಕದಲ್ಲಿ ಕೂತರು. ಒದ್ದೆ ಪ್ಲಾಸ್ಟಿಕ್ಕು, ಅದರಡಿ ಹೊಸ ಲೆದರು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲ್ಲುನೋವು ಮರೆತುಹೋಯಿತು. ತ್ರಿಪ್ಪುಣಿತ್ತುರದ ನಮ್ಮ ಪಕ್ಕದ ಮನೆಯವರು ನೆನಪಾದರು.

ಅವರನ್ನು ನಾವೆಲ್ಲ ಚೀಫ್ ಎನ್ನುತ್ತಿದ್ದೆವು. ಹಡಗಿನಲ್ಲಿ ಚೀಫ್ ಇಂಜಿನಿಯರ್ ಆಗಿ ರಿಟೈರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ಕೋಝಿಕ್ಕೋಡಿನಲ್ಲಿ ಟೀಚರ್. ಕೆಲವು ವರ್ಷ ಮಂಗಳೂರು ಬಂದರಿನಲ್ಲಿ ಇದ್ದುದರಿಂದ ನನ್ನೊಡನೆ ನಮ್ಮೂರ ಕನ್ನಡವನ್ನೇ ಮಲಯಾಳದ ರಾಗದಲ್ಲಿ ಆಡುತ್ತಿದ್ದರು. ನಾನೋ, ಕಾನ್ವೆಂಟಿನ ಸಿಸ್ಟರುಗಳಿಂದ ಗ್ರಾಮರ್ ಕಲಿತು, ಕೊಚ್ಚಿಯ ಇನ್ಶೂರೆನ್ಸ್ ಆಫೀಸಿನ ಮೋಟಾರ್ ಕ್ಲೇಮ್ಸ್ ಸೆಕ್ಷನ್ನಿನಲ್ಲಿ ಅನುಮಾನ ಕಲಿತವಳು. ಹಿನ್ನೀರಿಗೆ ತಳ್ಳಿ ಕಳವಾಯಿತು ಎಂದ ಕಾರು, ಪಾಲಿಸಿ ಕೈಗೆ ಬಂದ ತಿಂಗಳಿಗೇ ಶೆಡ್ಡಿನಲ್ಲಿ ಸುಟ್ಟುಹೋದ ಕಾರು, ಎಲ್ಲವನ್ನೂ ಕಂಡವಳು. ಪೆನ್ಷನ್ ಶುರುವಾದ ಮೇಲೂ ಆ ಕಣ್ಣು ಮಾತ್ರ ರಿಟೈರ್ ಆಗಲಿಲ್ಲ.

ಒಂದು ಬೆಳಿಗ್ಗೆ ಅವರ ಗೇಟಿನ ಮುಂದೆ ಮುಚ್ಚಿದ ಲಾರಿ ನಿಂತಿತು. ಒಳಗಿನಿಂದ ಮಾಗಿದ ಬಸಳೆ ಹಣ್ಣಿನ ಬಣ್ಣದ, ನೆಲಕ್ಕೆ ಅಂಟಿದಂಥ ಕಾರನ್ನು ನಾಲ್ಕು ಜನ ಕೈಯಿಂದ ತಳ್ಳಿ ಶೆಡ್ಡಿಗೆ ಸೇರಿಸಿದರು. ಇಟಲಿಯದು, ಬೆರಳೆಣಿಕೆಯಷ್ಟೇ ಮಾಡಿದ್ದು. ತಿರುವನಂತಪುರದ ಒಂದು ಮನೆಯಲ್ಲಿ ಕೊಂಡಾಗಿನಿಂದ ನಿಂತೇ ಇತ್ತಂತೆ. ಕುಟುಂಬದ ಜಾಗದಲ್ಲಿ ತನ್ನ ಪಾಲು ಮಾರಿ ಚೀಫ್ ಅದನ್ನು ತಂದಿದ್ದರು.

"ನನ್ನನ್ನು ಮೆರೈನ್ ಡ್ರೈವಿಗೆ ಯಾವಾಗ ಕರೆದುಕೊಂಡು ಹೋಗುವುದು?" ಎಂದೆ.

"ಇದನ್ನು ಓಡಿಸ್ಲಿಕ್ಕಿಲ್ಲ ಮೇಡಂ. ಓಡದಿದ್ರೆ ರೇಟ್ ಏರ್ತದೆ, ಮಗಳಿಗಾಯ್ತು. ಮತ್ತೆ... ನಲವತ್ತು ವರ್ಷ ಎಷ್ಟು ಇಂಜಿನ್ ಸವೆಸಿದೆ ನಾನು. ಒಂದಾದ್ರೂ ನನ್ನ ಕೈಯಲ್ಲಿ ಸವೆಯದೆ ಇರ್ಲಿ."

ಮಾತು ಚಂದವಿತ್ತು. ಅದೇ ನನಗೆ ಹಿಡಿಸಲಿಲ್ಲ. ಚಂದ ಮಾತಾಡಿದ ಕ್ಲೇಮುದಾರರ ಫೈಲನ್ನೇ ನಾನು ಎರಡು ಸಲ ಓದುತ್ತಿದ್ದದ್ದು.

ಹಳೆಯ ಪಾಲಿಸಿ ಲ್ಯಾಪ್ಸ್ ಆಗಿತ್ತು, ಹೊಸದಕ್ಕೆ ಇನ್‌ಸ್ಪೆಕ್ಷನ್ ಆಗಬೇಕು. ಅವರು ಕೊಟ್ಟ ಪೂರ್ತಿ ಬೆಲೆಗೇ ಇನ್ಶೂರ್ ಆಗಬೇಕಂತೆ. ಫಾರ್ಮ್, ಚೆಕ್ ಎರಡನ್ನೂ ನನ್ನ ಕೈಯಲ್ಲಿಟ್ಟರು. "ನಿಮ್ಮ ಆಫೀಸು, ನಿಮ್ಮ ಜನ" ಎಂದರು. ಹೋಗುವಾಗ ತಿರುಗಿ, "ಶೆಡ್ಡಲ್ಲೇ ನಿಂತು ಬೆಂಕಿ ಬಿದ್ರೂ ಕೊಡ್ತಾರಲ್ಲ?" ಎಂದು ಕೇಳಿದರು. ನನ್ನ ಬೆನ್ನು ನೆಟ್ಟಗಾಯಿತು.

ಮರುದಿನ ಟಾರ್ಚ್ ಹಿಡಿದು ಕಾರಿನೊಳಗೆ ಬಗ್ಗಿದೆ. ಸೀಟಿಗೆ ಪ್ಲಾಸ್ಟಿಕ್ ಹಾಗೆಯೇ ಇತ್ತು. ಮೀಟರಿನಲ್ಲಿ ಒಂಬತ್ತು ಕಿಲೋಮೀಟರ್. ಆಕ್ಸಿಲರೇಟರ್ ಹೊಚ್ಚ ಹೊಸದು. ಆದರೆ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗೆ ಹೊಳೆಯುತ್ತಿತ್ತು. ಒಂಬತ್ತು ಕಿಲೋಮೀಟರಿಗೆ ಬ್ರೇಕ್ ಹೀಗೆ ಸವೆಯಬೇಕಾದರೆ ದಾರಿಯ ಪ್ರತಿಯೊಂದು ಇರುವೆಗೂ ನಿಲ್ಲಿಸಿರಬೇಕು. ಮೀಟರ್ ತಿರುಗಿಸಿದ್ದಾರೆ, ಸಂಶಯವೇ ಇಲ್ಲ. ಮಾರಿದವರು ಇವರಿಗೆ ಮೋಸ ಮಾಡಿದರೋ, ಅಥವಾ ಇವರೇ... ಚೀಫ್ ಕಡೆ ತಿರುಗಿ, "ನಾನು ನೋಡಿಕೊಳ್ಳುತ್ತೇನೆ, ಡೋಂಟ್ ವರಿ" ಎಂದೆ.

ನಮ್ಮ ಆಫೀಸಿನಲ್ಲಿ ಆಗ ನನ್ನ ಸೀಟಿನಲ್ಲಿ ಇದ್ದವಳು ಧಾರವಾಡದ ಹುಡುಗಿ, ನನ್ನ ಕೈಕೆಳಗೇ ಕೆಲಸ ಕಲಿತವಳು. ಕಾಗದಗಳನ್ನು ಅವಳಿಗೆ ಕೊಟ್ಟು, "ನಾನು ಹೇಳುವ ತನಕ ಇನ್‌ಸ್ಪೆಕ್ಷನ್ ಪೆಂಡಿಂಗ್ ಅಂತ ಇಟ್ಟುಬಿಡು" ಎಂದೆ.

"ಓಡ್ಸಂಗಿಲ್ಲಂದ್ರ ಯಾಕ ತಗೊಂಡ್ರಂತ್ರೀ ಮೇಡಂ? ಕುಂಕುಮ ಹಚ್ಚಿ ಪೂಜಾ ಮಾಡ್ತಾರೇನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಶನಿವಾರ, ಹಳೆಯ ಕಲೀಗ್ ಒಬ್ಬಳನ್ನು ನೋಡಬೇಕೆಂದು ಚೀಫ್‌ಗೆ ಸುಳ್ಳು ಹೇಳಿ ತಿರುವನಂತಪುರದ ಟ್ರೈನ್ ಹತ್ತಿದೆ. ಕಾಗದದಲ್ಲಿದ್ದ ವಿಳಾಸ ಹಿಡಿದು ಶಾಸ್ತಮಂಗಲದ ಮನೆಗೆ ಹೋದರೆ ಬಾಗಿಲು ತೆರೆದದ್ದು ನನ್ನಷ್ಟೇ ವಯಸ್ಸಿನ ಹೆಂಗಸು, ಕಾರು ಕೊಂಡಿದ್ದವರ ವಿಧವೆ. ಬ್ರೇಕಿನ ವಿಷಯ ಎತ್ತಿದ್ದೇ ಆಕೆ ಗೊಳ್ಳೆಂದು ನಕ್ಕುಬಿಟ್ಟರು.

ಕಾರು ಬಂದ ವಾರವೇ ಗಂಡನ ಕೈ ನಡುಗಲು ಶುರುವಾಯಿತಂತೆ. ಡಾಕ್ಟರು ಡ್ರೈವಿಂಗ್ ಬೇಡವೆಂದರು. ಆಮೇಲೆ ವರ್ಷಗಟ್ಟಲೆ ದಿನಾ ಸಂಜೆ ಶೆಡ್ಡಿನಲ್ಲಿ ಕಾರೊಳಗೆ ಕೂರುತ್ತಿದ್ದರು. ಇಂಜಿನ್ ಆಫ್. ಕಣ್ಣು ಮುಚ್ಚಿ ಎಲ್ಲಿಗೋ ಹೋಗಿ ಬರುತ್ತಿದ್ದರು. ಆಕ್ಸಿಲರೇಟರ್ ಮುಟ್ಟದೆ, ತಿರುವುಗಳಲ್ಲೆಲ್ಲ ಬ್ರೇಕ್ ಒತ್ತುತ್ತಿದ್ದರು.

"ನನ್ನ ಜೊತೆ ಒಂದು ಮದುವೆಗೆ ಬರಲು ಕಾಲುನೋವು. ಅದರ ಬ್ರೇಕ್ ಒತ್ತಲು ಯಾವ ನೋವೂ ಇರಲಿಲ್ಲ" ಎಂದರು ಆಕೆ.

ಹಿಂತಿರುಗುವಾಗ ಟ್ರೈನಿನಿಂದಲೇ ಧಾರವಾಡದ ಹುಡುಗಿಗೆ ಒಂದು ಫೋನ್ ಮಾಡಬಹುದಿತ್ತು. ಅಷ್ಟು ಸೀರಿಯಸ್ಸಾಗಿ ಹೇಳಿ, ಈಗ ತಪ್ಪಾಯಿತು ಎನ್ನಲು ನಾಚಿಕೆ. ಹೇಗೂ ನಾಳೆ ರಜೆ, ಸೋಮವಾರ ನಾನೇ ಹೋದರಾಯಿತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಮಳೆ ಹೊಯ್ಯಿತು. ಎರಡು ಗಂಟೆಯೊಳಗೆ ಮನೆಗಳ ಹಿಂದಿನ ತೋಡು ತುಂಬಿ ನೀರು ಕಂಪೌಂಡಿಗೆ ನುಗ್ಗಿತು. ಚೀಫ್ ಲುಂಗಿ ಎತ್ತಿ ಕಟ್ಟಿ ಶೆಡ್ಡಿನಲ್ಲಿದ್ದರು. ನಾನು ಗೋಡೆಯ ಈಚೆಯಿಂದ ಕೊಡೆ ಹಿಡಿದು ಕೂಗಿದೆ. "ಚೀಫ್, ಹೊರಗೆ ತನ್ನಿ! ದೇವಸ್ಥಾನದ ಏರಿಗೆ ಒಯ್ದು ನಿಲ್ಲಿಸಿ! ರೋಡಿನಲ್ಲಿ ಇನ್ನೂ ಹೋಗಬಹುದು!"

ಅವರು ಒಳಗೆ ಕೂತು ಸ್ಟಾರ್ಟ್ ಮಾಡಿದರು. ಇಡೀ ಶೆಡ್ಡು ಗುಡುಗಿತು. ಒಂದು ನಿಮಿಷವಿರಬಹುದು. ಮತ್ತೆ ಆಫ್ ಮಾಡಿ ಇಳಿದರು.

"ಬೇಡ ಮೇಡಂ. ಈ ನೀರಲ್ಲಿ ಓಡಿಸಿದ್ರೆ ಮತ್ತೆ ಇದು ಬರೀ ಒಂದು ಕಾರು. ಏನಾದ್ರೂ ಆದ್ರೆ ಇನ್ಶೂರೆನ್ಸ್ ಉಂಟಲ್ಲ. ನೀವು ಮಾಡಿಸಿದ್ದೀರಲ್ಲ."

ಇಲ್ಲ ಎಂಬ ಒಂದು ಶಬ್ದ ಹೇಳಬೇಕಿತ್ತು. ಹೇಳಿದ್ದರೆ, ಯಾಕೆ ಎಂದು ಕೇಳುತ್ತಿದ್ದರು. ಯಾಕೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ವಾಕ್ಯ, ಕನ್ನಡದಲ್ಲಿ ಒಂದು ವಾಕ್ಯ ಬಾಯೊಳಗೆ ಕಟ್ಟುತ್ತಾ ನಿಂತೆ... ಅಷ್ಟರಲ್ಲಿ ನೀರು ಸೈಲೆನ್ಸರ್ ದಾಟಿ, ಬಾಗಿಲ ಸಂದಿಯಿಂದ ಒಳಗೆ ಇಳಿಯುತ್ತಿತ್ತು. ಚೀಫ್ ಕಾರಿನ ತಲೆಯ ಮೇಲೆ ಕೈಯಿಟ್ಟುಕೊಂಡು, ಜ್ವರ ಬಂದ ಮಗುವಿನ ಪಕ್ಕ ನಿಲ್ಲುವ ಹಾಗೆ ನಿಂತಿದ್ದರು.

ಸೋಮವಾರ ನಾನು ಹೋಗಿ ಇನ್ನು ಪ್ರಯೋಜನವಿರಲಿಲ್ಲ. ಮಂಗಳವಾರ ಅವರೇ ಆಫೀಸಿಗೆ ಹೋಗಿ ಕೇಳಿಕೊಂಡು ಬಂದರು. ಸೀದಾ ನನ್ನ ವರಾಂಡಕ್ಕೆ ಬಂದು ಕೂತರು.

"ಪಾಲಿಸಿ ಆಗ್ಲೇ ಇಲ್ಲವಂತೆ. ಇನ್‌ಸ್ಪೆಕ್ಷನ್ ಪೆಂಡಿಂಗ್ ಅಂತೆ. ಸರ್ಕಾರಿ ಆಫೀಸಲ್ವಾ ಮೇಡಂ, ನೀವೊಬ್ರು ಎಷ್ಟು ಮಾಡ್ತೀರಿ" ಎಂದರು.

ಆ ಮುಖದಲ್ಲಿ ಒಂದಿಷ್ಟು ಅನುಮಾನ ಇದ್ದೀತೇ ಎಂದು ಹುಡುಕಿದೆ. ಇದ್ದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ. ಇರಲಿಲ್ಲ. ನನಗೇ ಸಮಾಧಾನ ಹೇಳಿ ಎದ್ದುಹೋದರು.

ಸೀಟಿನ ವಾಸನೆ ಹೋಗಲೇ ಇಲ್ಲ. ಕೆಲವು ತಿಂಗಳ ಮೇಲೆ ಬಿಡಿಭಾಗ ಮಾರುವವರು ಬಂದು ತೆರೆದ ಲಾರಿಯಲ್ಲಿ ಕಾರನ್ನು ಒಯ್ದರು. ಮುಂದಿನ ಓಣಂಗೆ ಚೀಫ್ ಬದುಕಿರಲಿಲ್ಲ. ಈಗ ಆ ಮನೆಯಲ್ಲಿ ಬಾಡಿಗೆಗೆ ಐಟಿ ಪಾರ್ಕಿನ ಹುಡುಗರಿದ್ದಾರೆ, ಒಳ್ಳೆಯ ಮಕ್ಕಳು.

ಮೊನ್ನೆ ಕ್ಲಿನಿಕ್ಕಿನಿಂದ ಬಂದವಳೇ, ಹೇಳಿಬಿಡಬೇಕೆಂದು ಅವರ ಮಗಳಿಗೆ ಫೋನ್ ಮಾಡಿದೆ.

"ಆಂಟೀ! ನಾನೇ ಮಾಡುವವಳಿದ್ದೆ" ಎಂದಳು, ಎಂದಿನಂತೆ ಇಂಗ್ಲಿಷಿನಲ್ಲಿ. "ಮನೆ ಮಾರುತ್ತಿದ್ದೇನೆ. ಪೇಪರ್ಸ್ ಒಮ್ಮೆ ನೋಡಿಕೊಡುತ್ತೀರಾ? ಆಂಟಿ ನೋಡದೆ ಯಾವುದಕ್ಕೂ ಸೈನ್ ಹಾಕಬೇಡ ಅಂತ ಅಚ್ಛನ್ ಹೇಳಿಟ್ಟಿದ್ದರು."

"ಕಳಿಸು ಮೋಳೇ" ಎಂದೆ. "ನಿನ್ನ ಅಪ್ಪನ ವಿಷಯ ಒಂದು ಹೇಳಬೇಕಿತ್ತು" ಎಂದೆ.

"ಹೇಳಿ ಆಂಟೀ."

"ಒಳ್ಳೆಯ ಮನುಷ್ಯ" ಎಂದೆ.