ಲೋಟದ ಚಹಾ ನಡುಗಬಾರದು

ನಮ್ಮ ಮೇಸ್ತ್ರಿಯ ಬಲಗೈಯ ಬೆರಳುಗಳು ಕೆಲಸವಿಲ್ಲದಾಗಲೂ ಅಗಲವಾಗಿ ಬಿಡಿಸಿಕೊಂಡೇ ಇರುತ್ತಿದ್ದವು. ಅಂಗೈಯ ಗೆರೆಗೆರೆಯಲ್ಲೂ ಕರಿ ಎಣ್ಣೆ ಕೂತಿತ್ತು, ಯಾವ ಸೋಪಿಗೂ ಅದು ಜಗ್ಗುತ್ತಿರಲಿಲ್ಲ. ಕಾರಿನ ಬಾನೆಟ್ ಎತ್ತಿದ ಕೂಡಲೇ ಆ ಕೈ ಮಡ್‌ಗಾರ್ಡಿನ ಮೇಲೆ ಊರುತ್ತಿತ್ತು. ಎಡಗೈಯಲ್ಲಿದ್ದ ಸ್ಟೀಲ್ ಲೋಟವನ್ನು ಎಂಜಿನ್ನಿನ ನೆತ್ತಿಯ ತಗಡಿನ ಮುಚ್ಚಳದ ಮೇಲೆ ಇಡುತ್ತಿದ್ದರು. ಲೋಟದಲ್ಲಿ ಅರ್ಧ ಚಹಾ. ಅದನ್ನು ಅವರು ಕುಡಿದದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ.

ಶಿರಸಿ ಹತ್ತಿರದ ಇಸಳೂರಿನ ಹೊಸ ಮನೆಗಳ ಸಾಲು ಮುಗಿಯುವಲ್ಲಿ ಅವರ ಗ್ಯಾರೇಜು, ಅದರ ಹಿಂದೆಯೇ ಮನೆ. ಬೈಕು ಮುಟ್ಟುತ್ತಿರಲಿಲ್ಲ. ಕಂಪ್ಯೂಟರ್ ಹಚ್ಚಿ ನೋಡಬೇಕಾದ ಹೊಸ ಕಾರುಗಳು ಅವರ ಗೇಟಿನೊಳಗೆ ಬರುತ್ತಲೇ ಇರಲಿಲ್ಲ. ಕಾರ್ಬುರೇಟರ್ ಇದ್ದ ಗಾಡಿ ಮಾತ್ರ ಅವರಿಗೆ ಗಾಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೂ ಜೀವ ಹಿಡಿದುಕೊಂಡಿದ್ದ ಹಳೆಯ ಅಂಬಾಸಿಡರು, ಜೀಪುಗಳೆಲ್ಲ ಎಲ್ಲೆಲ್ಲೋ ತೋರಿಸಿಕೊಂಡು ಕಡೆಗೆ ಇಲ್ಲಿಗೇ ಬರುತ್ತಿದ್ದವು. ಕಾರಣ ಅವರ ಕಿವಿ. ಎಂಜಿನ್ ಚಾಲೂ ಮಾಡಿ, ಬೆರಳೆತ್ತಿ, ಎಲ್ಲರೂ ಸುಮ್ಮನಿರಬೇಕು ಎಂದು ಅವರು ಅಪ್ಪಣೆ ಕೊಟ್ಟರೆ ಗಾಡಿಯ ಮಾಲೀಕರು ಫೋನಿನ ಮಾತನ್ನೂ ನಿಲ್ಲಿಸಬೇಕಾಗಿತ್ತು. ಆಮೇಲೆ ಲೋಟದ ಮೇಲೆ ಕಣ್ಣಿಟ್ಟು ಒಂದು ಗಳಿಗೆ ನಿಂತು, ದೋಷ ಇಂಥ ಕಡೆ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪಿದ್ದು ಅಪರೂಪ.

ಗರ್ವದ ಮನುಷ್ಯ ಎಂಬ ಮಾತೂ ಇತ್ತು. ಹಿಂದಿನಿಂದ ಕರೆದರೆ ತಿರುಗುವವರಲ್ಲ. ನಾವು ಒಂದು ಕೇಳಿದರೆ ತಮಗೆ ತೋಚಿದ್ದನ್ನು ಹೇಳುವವರು. ಎದುರು ನಿಂತು, ಮುಖ ನೋಡಿ ಮಾತಾಡಿದರೆ ಮಾತ್ರ ಸರಿಯಾದ ಉತ್ತರ. ಗ್ರೀಸು ಮೆತ್ತಿಕೊಂಡವರಿಗೆ ಇಷ್ಟು ದೊಡ್ಡಸ್ತಿಕೆ ಯಾಕೋ ಎಂದು ನಾನೂ ಮೊದಮೊದಲು ಗೊಣಗಿದ್ದುಂಟು.

ನಾನು ಸಂಗೀತ ಹೇಳಿಕೊಡುವವಳು. ಮಂಗಳವಾರ ಯಲ್ಲಾಪುರ, ಶುಕ್ರವಾರ ಸಿದ್ದಾಪುರ, ಉಳಿದ ದಿನ ಶಿರಸಿ. ಹಿಂದಿನ ಸೀಟಿನಲ್ಲಿ ತಂಬೂರಿ ಉದ್ದಕ್ಕೆ ಮಲಗುತ್ತದೆ, ಮುಂದೆ ನನ್ನ ಪಕ್ಕದಲ್ಲಿ ಹಾರ್ಮೋನಿಯಂ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಹಳೆಯ ಪೆಟ್ರೋಲ್ ಅಂಬಾಸಿಡರನ್ನು ಬಿಡದೆ ಇಟ್ಟುಕೊಂಡಿದ್ದೇನೆ. ಒಂದು ವರ್ಷ ಅದಕ್ಕೆ ನಡುಕ ಹತ್ತಿತು. ನಿಲ್ಲಿಸಿದಲ್ಲೇ ಒಮ್ಮೆ ಜೋರಾಗಿ ಕೂಗುವುದು, ಒಮ್ಮೆ ಆರಿಯೇ ಹೋಗುವುದು. ಜೊತೆಗೆ ಸುಯ್ ಎಂಬ ಸಣ್ಣ ಸದ್ದು. ಹಾರ್ಮೋನಿಯಂ ತಿದಿಗೆ ತೂತು ಬಿದ್ದಾಗ ಬರುವ ಸದ್ದು ಅದೇ. ಕಾರ್ಬುರೇಟರಿನಿಂದ ಹೊರಟ ಗಾಳಿ ಪೆಟ್ರೋಲನ್ನು ಎಂಜಿನ್ನಿಗೆ ಹಂಚುವ ಕವಲು ಕೊಳವೆಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ, ಅದು ಎಂಜಿನ್ನಿಗೆ ಕೂಡುವಲ್ಲಿ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆ ಇರುತ್ತದೆ ಎಂದು ಯಾರಿಂದಲೋ ತಿಳಿದುಕೊಂಡೆ. ಸರಿ, ಪೇಟೆಗೆ ಹೋಗಿ ಇದ್ದವುಗಳಲ್ಲೇ ಅತಿ ದಪ್ಪದ ಗ್ಯಾಸ್ಕೆಟ್ ಆರಿಸಿದೆ. ತಿದಿಗೆ ಹಚ್ಚುವ ಸರೇಸಿನ ಅಂಟನ್ನೂ ಒಂದು ಡಬ್ಬಿಯಲ್ಲಿ ಕಟ್ಟಿಕೊಂಡು, ಬಲ್ಲವಳ ಗತ್ತಿನಲ್ಲಿ ಮೇಸ್ತ್ರಿಯ ಮುಂದೆ ಇಟ್ಟೆ.

ಅವರು ಸರೇಸಿನ ಡಬ್ಬಿಯನ್ನು ಮೂಸಿ ದೂರ ಸರಿಸಿದರು. ಗ್ಯಾಸ್ಕೆಟನ್ನು ಎರಡು ಬೆರಳಿನಲ್ಲಿ ಅದುಮಿ ನಕ್ಕರು.

"ದಪ್ಪ ಇದ್ರ ಚಲೋ ಅಂತ ತಿಳ್ದೀರೇನ್ರಿ ಅಕ್ಕೋರ? ಗಾದಿ ಅಲ್ರಿ ಇದು."

ಅವರು ಬನವಾಸಿ ಕಡೆಯವರು, ಸಂಗೀತದ ಟೀಚರಾದ ನಾನು ಅವರ ಬಾಯಲ್ಲಿ ಅಕ್ಕೋರು. ಗಾಡಿ ಬಿಟ್ಟುಹೋಗಲು ಹೇಳಿದರು. ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿ, ಚಹಾದ ಲೋಟ ಇಟ್ಟು, ಎಣ್ಣೆ ಬಿಡುವ ಮೂತಿಡಬ್ಬಿಯಲ್ಲಿ ನೀರು ತುಂಬಿಕೊಂಡು ಮ್ಯಾನಿಫೋಲ್ಡಿನ ಸಂದಿಯುದ್ದಕ್ಕೂ ಹನಿ ಹನಿ ಬಿಡುತ್ತಾ ಹೋದರು. ಚಹಾ ನಡುಗುತ್ತಲೇ ಇತ್ತು. ಒಂದು ಕಡೆ ನೀರು ಬಿದ್ದದ್ದೇ ಎರಡು ಕ್ಷಣ ನಡುಕ ಇಳಿಯಿತು, ಮತ್ತೆ ಶುರುವಾಯಿತು. ನೀರು ತೂತನ್ನು ಮುಚ್ಚಿದ ಹೊತ್ತು ಎಂಜಿನ್ ಸಮಾಧಾನದಲ್ಲಿತ್ತು, ಅಷ್ಟೇ. ಇಷ್ಟು ಸರಳವಾದ ಪರೀಕ್ಷೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹಳೆಯ ಗ್ಯಾಸ್ಕೆಟನ್ನು ಬಿಚ್ಚಿ ಹೊಸತರ ಮೇಲಿಟ್ಟು ತೂತಿಗೆ ತೂತು ಕೂಡಿಸಿ ತೋರಿಸಿದರು. ನಾನು ತಂದದ್ದರ ತೂತು ಸಣ್ಣದು, ಅಂಚು ಗಾಳಿಯ ದಾರಿಗೇ ಅಡ್ಡ ಬರುತ್ತಿತ್ತು. ತಮ್ಮ ಪೆಟ್ಟಿಗೆಯಿಂದ ತೆಳುವಾದದ್ದೊಂದನ್ನು ತೆಗೆದರು. ಹಳೆಯ ಚೂರುಗಳನ್ನು ಬಿದಿರಿನ ಚಕ್ಕೆಯಿಂದ ಕೆರೆದರು, ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದಂತೆ. ಅಂಟು ಗಿಂಟು ಏನೂ ಇಲ್ಲದೆ ಒಣಗ್ಯಾಸ್ಕೆಟನ್ನೇ ಕೂರಿಸಿ, ನಟ್ಟುಗಳನ್ನು ಹಪ್ಪಳ ಲಟ್ಟಿಸುವಂತೆ ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋದರು. ಒಂದೇ ಬದಿ ಬಿಗಿದರೆ ಇನ್ನೊಂದು ಬದಿ ಎದ್ದು ಕೂರುತ್ತದೆ ಎಂದರು.

ಎಂಜಿನ್ ಚಾಲೂ ಆಯಿತು. ಚಹಾ ಹೆಚ್ಚುಕಡಿಮೆ ನಿಂತಿತ್ತು. ಕೆಲಸ ಆಯಿತು, ಒಯ್ಯಿರಿ ಎಂದು ಅವರು ಆಚೆ ತಿರುಗಿ ನಟ್ಟು ಬಿಗಿಯುವ ಪಾನಾ ಒರೆಸತೊಡಗಿದರು. ನನಗೆ ಮಾತ್ರ ಹಿಂದಿನ ತುದಿಯಿಂದ ಸುಯ್ ಎನ್ನುವುದು ಇನ್ನೂ ಕೇಳುತ್ತಿತ್ತು. ಹೇಳಿದೆ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಸಿಟ್ಟಿನಿಂದ, ದನಿ ಏರಿಸಿಯೇ ಹೇಳಿದೆ. ಅವರು ಪಾನಾ ಒರೆಸುತ್ತಲೇ ಇದ್ದರು. ಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಲೆ ತಗ್ಗಿಸಿದ್ದನ್ನು ಕಂಡೆ. ಆಗ ನನಗೆ ಎಲ್ಲ ತಿಳಿಯಿತು.

ಎದುರಿಗೆ ಹೋಗಿ ಕೊನೆಯ ನಟ್ಟಿನ ಹತ್ತಿರ ಬೆರಳಿಟ್ಟು ತೋರಿಸಿದೆ. ನನ್ನ ಮುಖವನ್ನೇ ನೋಡಿದರು, ಹೆಂಡತಿಯನ್ನು ನೋಡಿದರು, ಎಂಜಿನ್ ಆರಿಸಿದರು.

"ಪೂರ್ತಿ ಹೋಗಿ ಏಳೆಂಟ ವರ್ಷ ಆತ್ರಿ. ಮೊದಲ ತಗಡ ಬಡಿಯೋ ಕೆಲಸದಾಗಿದ್ದೆ, ಅಲ್ಲೇ ಕೆಟ್ವು ಕಿವಿ. ಕೈಗೆ ಗೊತ್ತಾಗತದ, ಕಣ್ಣಿಗೆ ಕಾಣತದ, ನಡದೈತಿ. ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ. ಕಿವುಡ ಮೇಸ್ತ್ರಿ ಕೈಯಾಗ ಯಾರ್ ಗಾಡಿ ಕೊಡ್ತಾರ?"

ನನಗೆ ನಾಚಿಕೆಯಾಯಿತು. ದಿನಾ ಬೆಳಗಾದರೆ ಮಕ್ಕಳಿಗೆ ಕೇಳುವುದನ್ನು ಕಲಿಸುವವಳು ನಾನು. ಅವರ ಕಷ್ಟವನ್ನು ಗರ್ವ ಎಂದುಕೊಂಡಿದ್ದೆ. ಯಾರಿಗೂ ಹೇಳುವುದಿಲ್ಲ ಎಂದು ಅವರ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದೆ.

ಆ ನಟ್ಟನ್ನೇ ಇನ್ನೊಂದು ಸುತ್ತು ಬಿಗಿದರೆ ಸಾಲದೇ ಎಂದರೆ ಒಪ್ಪಲಿಲ್ಲ. ಒಮ್ಮೆ ಒತ್ತಿಸಿಕೊಂಡ ಗ್ಯಾಸ್ಕೆಟ್ ಎರಡನೆಯ ಸಲ ಮಾತು ಕೇಳುವುದಿಲ್ಲ ಎನ್ನುತ್ತಾ ಅಷ್ಟನ್ನೂ ಬಿಚ್ಚಿದರು. ಗಾಳಿ ಬರುವ ಕೊಳವೆ, ಹೊಗೆ ಹೋಗುವ ಕೊಳವೆ ಎರಡರ ಅಂಚನ್ನೂ ಅಲ್ಲಿ ಒಂದೇ ವಾಷರ್ ಒತ್ತಿ ಹಿಡಿಯಬೇಕು. ಒಂದು ಅಂಚು ಚೂರು ಎತ್ತರವಾಗಿತ್ತು, ತೆಳು ವಾಷರ್ ಓರೆಯಾಗಿ ಕೂತಿತ್ತು. ಅರ್ಧ ದಿನ ಕೂತು ದಪ್ಪದ ವಾಷರೊಂದನ್ನು ಅಳತೆಗೆ ಉಜ್ಜಿ, ಬೇರೆ ಗ್ಯಾಸ್ಕೆಟ್ ಹಾಕಿ, ಮತ್ತೆ ನಡುವಿನಿಂದ ಅಂಚಿಗೆ ಬಿಗಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕಿವಿಗೊಟ್ಟು, ಸದ್ದಿಲ್ಲ ಎಂದು ತಲೆಯಾಡಿಸಿದೆ. ಚಹಾ ಅಲುಗಲಿಲ್ಲ. ಅವತ್ತು ಅದನ್ನು ಅವರು ಕುಡಿದರು, ಆರಿಹೋಗಿದ್ದರೂ.

ಅಂದಿನಿಂದ ಒಂದು ಒಳಗುಟ್ಟಿನ ಏರ್ಪಾಡು ನಡೆಯಿತು. ಲೋಟಕ್ಕೂ ಅಂಗೈಗೂ ಸಿಗದ ಸಣ್ಣ ಸೋರಿಕೆ ಇದೆ ಎಂಬ ಅನುಮಾನ ಬಂದರೆ ಅವರ ಹೆಂಡತಿ ನನಗೆ ಫೋನ್ ಮಾಡುತ್ತಿದ್ದರು. ನನ್ನ ಕಾರಿಗೆ ಏನೋ ಆಗಿದೆ ಎಂದು ನೆಪ ಹೇಳಿಕೊಂಡು ನಾನು ಹೋಗಿ, ಬೇರೆಯವರ ಎಂಜಿನ್ ಪಕ್ಕ ನಿಲ್ಲುವುದು. ಸೀರೆಯ ಮೇಲೆ ತಾಳ ಹಾಕುವವಳ ಹಾಗೆ ಬೆರಳು ಎಣಿಸುವುದು. ಮುಂದಿನಿಂದ ಎಷ್ಟನೆಯ ನಟ್ಟೋ ಅಷ್ಟು ಬೆರಳು. ಸಿದ್ದಾಪುರದಿಂದ ಜೀಪು ತರುತ್ತಿದ್ದ ಯಜಮಾನರೊಬ್ಬರು ಇದನ್ನು ಗಮನಿಸಿ, "ಇಲ್ಲೂ ಎಂತ ತಾಳ ಅಕ್ಕೋರೆ, ಬಿಡಲೆ ಆಗ್ತಿಲ್ಯಾ?" ಎಂದು ನಕ್ಕರು. ನಾನೂ ನಕ್ಕೆ, ನಾಲ್ಕನೆಯ ಬೆರಳನ್ನು ಮಡಚಿದೆ. ಮೇಸ್ತ್ರಿ ಗಂಭೀರವಾಗಿ ಲೋಟ ನೋಡಿ, ನಾಲ್ಕನೆಯ ನಟ್ಟಿನ ಹತ್ತಿರ ಗಾಳಿ ಎಳೆಯುತ್ತಿದೆ ಎಂದರು. ಯಜಮಾನರು ಬೆರಗಾಗಿ ಕೈ ಮುಗಿಯುವುದೊಂದು ಬಾಕಿ. ಕಿವಿಗೆ ಹಾಕುವ ಯಂತ್ರವನ್ನು ನನ್ನ ಒತ್ತಾಯಕ್ಕೆ ಮೇಸ್ತ್ರಿ ಒಮ್ಮೆ ತಂದಿದ್ದರು. ಲೋಕವೆಲ್ಲ ತಗಡು ಬಡಿದಂತೆ ಕೇಳುತ್ತದೆ ಎಂದು ಎರಡೇ ದಿನಕ್ಕೆ ತೆಗೆದಿಟ್ಟರು.

ಒಂದು ಮಂಗಳವಾರ ತಂಬೂರಿಯನ್ನು ಮನೆಯಲ್ಲೇ ಬಿಟ್ಟು ಯಲ್ಲಾಪುರಕ್ಕೆ ಹೊರಟ ನನ್ನ ಜೊತೆ ಮೇಸ್ತ್ರಿ, ಅವರ ಹೆಂಡತಿ ಇಬ್ಬರೂ ಅಲ್ಲಿಗೆ ಹತ್ತಿರದ ಚಂದಗುಳಿಗೆ ಬಂದರು. ಘಂಟೆ ಗಣಪನಿಗೆ ಅವರ ಹೆಂಡತಿಯದೊಂದು ಹರಕೆ ಇತ್ತು. ಅಲ್ಲಿ ಎತ್ತ ನೋಡಿದರೂ ಹರಕೆಯ ಗಂಟೆಗಳು, ಬಂದವರೆಲ್ಲ ಬಾರಿಸುತ್ತಿದ್ದರು. ಮೇಸ್ತ್ರಿ ಆ ಗದ್ದಲದ ನಡುವೆ ಸುಮ್ಮನೆ ನಿಂತಿದ್ದರು. ಆಮೇಲೆ ದೊಡ್ಡ ಗಂಟೆಯೊಂದರ ಹತ್ತಿರ ಹೋಗಿ, ಹಿಡಿದರೆ ನಾದ ಅಡಗುತ್ತದೆಂದು ಬೆರಳ ತುದಿಯನ್ನು ಮಾತ್ರ ಅಂಚಿಗೆ ತಾಗಿಸಿ, ಬಾರಿಸಲು ನನಗೆ ಸನ್ನೆ ಮಾಡಿದರು. ಬಾರಿಸಿದೆ. ನಾದ ಪೂರ್ತಿ ಆರುವ ತನಕ ಬೆರಳು ತೆಗೆಯಲಿಲ್ಲ. ನನಗೆ ಕೇಳುವುದು ನಿಂತ ಮೇಲೂ ಅವರ ಬೆರಳು ಅಲ್ಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ಈಗ ನಿಂತಿತು ನೋಡ್ರಿ" ಎಂದರು.

ಕಳೆದ ಬೇಸಿಗೆಯಲ್ಲಿ ಮಧ್ಯಾಹ್ನ ಉಂಡು ಮಲಗಿದ ಮೇಸ್ತ್ರಿ ಏಳಲಿಲ್ಲ. ಮಣ್ಣು ಮಾಡಿ ಬಂದು ಜನ ಗ್ಯಾರೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾತೆಲ್ಲ ಅವರ ಕಿವಿಯದೇ. ಅಂಥ ಕಿವಿ ಈ ಸೀಮೆಯಲ್ಲಿ ಇನ್ನು ಹುಟ್ಟುವುದಿಲ್ಲ ಎಂದು ಸಿದ್ದಾಪುರದ ಯಜಮಾನರು ಕಣ್ಣೊರೆಸಿಕೊಂಡು, ಸಂಗೀತದವರು ನೀವೇ ಹೇಳಿ ಎಂದು ನನ್ನ ಕಡೆ ತಿರುಗಿದರು. ಎಲ್ಲರೂ ನನ್ನನ್ನು ನೋಡಿದರು. ಒಳಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

ಅಂಥ ಕಿವಿ ನಾನೂ ಎಲ್ಲೂ ಕಂಡಿಲ್ಲ ಎಂದೆ.

ತಿಂಗಳಾದ ಮೇಲೆ ಮಾತಾಡಿಸಲು ಹೋಗಿದ್ದೆ. ಅವರ ಹೆಂಡತಿ ಅದೇ ಸ್ಟೀಲ್ ಲೋಟದಲ್ಲಿ ಚಹಾ ತಂದು ನನ್ನ ಕೈಗಿಟ್ಟರು. ನೀವು ಆಗಾಗ ಬರೆಯುತ್ತೀರಂತೆ, ಇವರ ಬಗ್ಗೆ ಬರೆಯುತ್ತೀರಾ ಎಂದು ಕೇಳಿದರು. ಬರೆದರೆ ಗುಟ್ಟು ಉಳಿಯುವುದಿಲ್ಲ, ಮಾತು ಕೊಟ್ಟಿದ್ದೇನೆ ಎಂದೆ. ಅವರು ಖಾಲಿ ಗ್ಯಾರೇಜಿನ ಕಡೆ ಕೈ ತೋರಿಸಿದರು.

"ಇನ್ನ ಯಾವ ಗಾಡಿ ಬರೂದೈತ್ರಿ ಅಕ್ಕೋರ, ಮುಚ್ಚಿಡಾಕ? ಕಿವಿ ಇದ್ದಾವ ಮಾಡಿದ ಕೆಲಸಾ ಅಂತ ಊರೆಲ್ಲ ಹೊಗಳತದ. ಇಲ್ಲದಾವ ಮಾಡಿದ್ದು ಅಂತ ಬರೀರಿ."

ಅವರು ಹೇಳಿದ ಹಾಗೆಯೇ ಬರೆದಿದ್ದೇನೆ.